ಸುರಂಗದೊಳಗಣ ಮಾತು: ರೈಲು ಸಂವಹನ ಚರಿತ್ರೆಯ ಒಂದು ಅಧ್ಯಾಯ

ರೈಲುಮಾರ್ಗದ ಚರಿತ್ರೆಯನ್ನು ಹಳಿ, ಸೇತುವೆ, ಎಂಜಿನುಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಸುರಂಗದ ಒಳಗಿರುವವನಿಗೂ ಹೊರಗಿರುವವನಿಗೂ ನಡುವೆ ಮಾತು ಹೇಗೆ ಸಾಗಿತೆಂಬ ಪ್ರಶ್ನೆಗೆ ಅಂತಹ ಬರಹಗಳಲ್ಲಿ ದೊರೆತಿರುವ ಅವಕಾಶ ಕಡಿಮೆ. ಆದರೆ ಆ ಪ್ರಶ್ನೆಗೆ ಜನ ಪ್ರಾಣವನ್ನೇ ತೆತ್ತಿದ್ದಾರೆ.

ಇಂಗ್ಲೆಂಡಿನ ಬ್ರೈಟನ್ ಮಾರ್ಗದ ಕ್ಲೇಟನ್ ಸುರಂಗ ಸುಮಾರು 2 ಕಿ.ಮೀ. ಉದ್ದದ್ದು. ಅದರ ಎರಡು ಬಾಯಿಗಳಲ್ಲಿ ಒಬ್ಬೊಬ್ಬ ಸಿಗ್ನಲ್ ನೌಕರ. ದಕ್ಷಿಣದಲ್ಲಿ ಕಿಲಿಕ್, ಉತ್ತರದಲ್ಲಿ ಬ್ರೌನ್. ನಡುವೆ ಮುಳ್ಳಿನ ತಂತಿಯಂತ್ರ. 1861ರ ಆಗಸ್ಟ್ 25ರ ಭಾನುವಾರ ಮೊದಲ ಗಾಡಿ ಒಳಹೊಕ್ಕ ಮೇಲೆ ತಾನಾಗಿ 'ಅಪಾಯ'ಕ್ಕೆ ಮರಳಬೇಕಿದ್ದ ಸಿಗ್ನಲ್ ಮರಳಲಿಲ್ಲ. ಅಷ್ಟರಲ್ಲಿ ಎರಡನೆಯ ಗಾಡಿ ಬಂದಿತು. ಕಿಲಿಕ್ ಕೆಂಪು ಬಾವುಟ ಬೀಸಿದ. ಚಾಲಕ ಕಂಡನೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಚಾಲಕ ಕಂಡಿದ್ದ, ಸುರಂಗದೊಳಗೆ ಗಾಡಿ ನಿಲ್ಲಿಸಿ ಹಿಂದಕ್ಕೆ ನಡೆಸತೊಡಗಿದ್ದ. ಸುರಂಗ ಖಾಲಿಯೇ ಎಂದು ಕಿಲಿಕ್ ತಂತಿಯಲ್ಲಿ ಕೇಳಿದ. ಮೊದಲ ಗಾಡಿ ಹೊರಬಂದುದನ್ನು ನೋಡಿದ್ದ ಬ್ರೌನ್ ಖಾಲಿ ಎಂದ. ಮೂರನೆಯ ಗಾಡಿಗೆ ಬಿಳಿ ಬಾವುಟ ಸಿಕ್ಕಿತು. ಸತ್ತವರು 23 ಮಂದಿ. ಕಿಲಿಕ್ ಅಂದು 24 ಗಂಟೆಗಳ ಪಾಳಿಯಲ್ಲಿದ್ದ.

ಇಲ್ಲಿ ತಂತಿ ಕೆಟ್ಟಿರಲಿಲ್ಲ, ಯಾರೂ ಸುಳ್ಳಾಡಿರಲಿಲ್ಲ ಎಂಬುದು ಗಮನಾರ್ಹ. ಪ್ರಶ್ನೆ ಎರಡನೆಯ ಗಾಡಿಯನ್ನು ಕುರಿತದ್ದು, ಉತ್ತರ ಮೊದಲನೆಯದನ್ನು ಕುರಿತದ್ದು. ನಿಜ ಬಲ್ಲವನು ಒಳಗಿದ್ದ ಚಾಲಕನೊಬ್ಬನೇ. ಅವನಿಗೆ ಮಾತಿನ ಮಾರ್ಗವೇ ಇರಲಿಲ್ಲ. 1866ರಲ್ಲಿ ಡಿಕನ್ಸ್ ಬರೆದ 'ದಿ ಸಿಗ್ನಲ್-ಮ್ಯಾನ್' ಕಥೆಯ ಹಿಂದೆ ಈ ದುರಂತದ ನೆನಪಿದೆಯೆಂದು ಹಲವರು ಊಹಿಸಿದ್ದಾರೆ. ಊರ ಗಡಿಯಲ್ಲಿ, ಹೊಳೆಯ ಕಡವಿನಲ್ಲಿ ದೆವ್ವವನ್ನು ನಿಲ್ಲಿಸುವ ಜನಪದ ಕಲ್ಪನೆಗೆ ಸುರಂಗದ ಬಾಯಿಯಲ್ಲಿ ಪ್ರೇತವನ್ನು ನಿಲ್ಲಿಸಿದ ಆ ಕಥೆ ಅಪರಿಚಿತವೆನಿಸದು.

ಒಳಗಿದ್ದವನಿಗೆ ಮಾತು ಕೊಡಬಲ್ಲ ಸಾಧನವಾಗಿ ಬಂದ ರೇಡಿಯೋ ಸುರಂಗದಲ್ಲಿ ಬಯಲಿನಂತೆ ವರ್ತಿಸುವುದಿಲ್ಲ. 5 ಮೀಟರ್ ಅಗಲದ ಸುರಂಗದಲ್ಲಿ ಸುಮಾರು 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ತರಂಗಗಳು ಬೇಗನೆ ಅಳಿಯುತ್ತವೆ; ಅದಕ್ಕಿಂತ ಬಹಳ ಮೇಲಿನವಕ್ಕೆ ಸುರಂಗವೇ ಕೊಳವೆಯಾಗಿ ದಾರಿ ಕೊಡುತ್ತದೆ. 1956ರಲ್ಲಿ ಮಂಕ್ ಮತ್ತು ವಿನ್‌ಬಿಗ್ಲರ್ ಸುರಂಗದಲ್ಲಿ ಚಲಿಸುವ ರೈಲುಗಳೊಡನೆ ಸಂವಹನವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಉದ್ದಕ್ಕೂ ತರಂಗವನ್ನು ಸೋರಿಸುತ್ತ ಸಾಗುವ ಕೇಬಲ್ ಮುಂದೆ ರೂಢಿಗೆ ಬಂದಿತು. ಸುರಂಗವನ್ನೇ ತರಂಗದ ಕೊಳವೆಯೆಂದು ಭಾವಿಸಿದ ಲೆಕ್ಕಾಚಾರ ಬಂದುದು ಕಲ್ಲಿದ್ದಲ ಗಣಿಗಳಿಂದ; ಎಮ್ಸ್ಲಿ, ಲಗಾಸ್, ಸ್ಟ್ರಾಂಗ್ ಅವರ 1975ರ ಪ್ರಬಂಧ ಇಂದಿಗೂ ಆಧಾರ.

ಗಣಿಯ ಸೂತ್ರ ರೈಲಿಗೆ ಹಾಗೆಯೇ ಹೊಂದುವುದಿಲ್ಲ. ರೈಲು ಸುರಂಗದ ಬಹುಭಾಗವನ್ನು ತಾನೇ ತುಂಬುತ್ತದೆ. ತರಂಗ ಗೋಡೆಗಳಿಗೆ ಬಡಿದು ಹಲವು ದಾರಿಗಳಲ್ಲಿ ತಲಪಿ, ಒಮ್ಮೆ ಕೂಡಿ ಒಮ್ಮೆ ಕಳೆಯುತ್ತದೆ. ಗಂಟೆಗೆ 300 ಕಿ.ಮೀ. ವೇಗದ ರೈಲಿನಲ್ಲಿ 900 ಮೆಗಾಹರ್ಟ್ಸ್ ಸಂಕೇತದ ಆವರ್ತನ 250 ಹರ್ಟ್ಸ್‌ನಷ್ಟು ಏರಿ, ಆಂಟೆನಾ ದಾಟಿದೊಡನೆ ಅಷ್ಟೇ ಇಳಿಯುತ್ತದೆ. ಇವೆಲ್ಲವನ್ನೂ ಅಳೆದು ಗಣಿತ ಮಾದರಿಯಾಗಿಸುವುದು ಮೊದಲ ಹಂತ. ಆ ಮಾದರಿಯನ್ನು ಎಮ್ಯುಲೇಟರ್ ಯಂತ್ರಕ್ಕೆ ತುಂಬಿ, ನಿಜವಾದ ರೇಡಿಯೋ ಉಪಕರಣಗಳೆರಡರ ನಡುವೆ ಇಲ್ಲದ ಸುರಂಗವನ್ನು ಪ್ರಯೋಗಾಲಯದಲ್ಲಿ ನಿಲ್ಲಿಸುವುದು ಎರಡನೆಯದು. ಸಂಚಾರ ತಡೆದು ನಡೆಸಬೇಕಾದ ಪರೀಕ್ಷೆ ಇಲ್ಲಿ ಬೇಕಾದಷ್ಟು ಸಲ ಮರುಕಳಿಸಬಹುದು. ಯಾವ ಗಳಿಗೆಯಲ್ಲಿ ಸಂದೇಶ ಅರ್ಧಕ್ಕೆ ತುಂಡಾಗುವುದೆಂದು ರೈಲು ಓಡುವ ಮೊದಲೇ ತಿಳಿಯುತ್ತದೆ.

ಭಾರತೀಯ ರೈಲ್ವೆಗೆ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ 5 ಮೆಗಾಹರ್ಟ್ಸ್ ಹಂಚಿಕೆಗೆ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಟ್ಟಮಾರ್ಗದಲ್ಲಿ 57 ಸುರಂಗಗಳಿವೆ. ನೇರವಾದ, ನುಣುಪು ಗೋಡೆಯ ಸುರಂಗಕ್ಕಾಗಿ ರಚಿತವಾದ ಮಾದರಿಯನ್ನು ತಿರುವುಗಳ ಈ ಮಾರ್ಗಕ್ಕೆ ಎರವಲು ತರುವುದು ಸಾಲದು; ಪ್ರತಿಯೊಂದು ಸುರಂಗದ ಬಾಗು, ಅಗಲ, ಗೋಡೆಯ ಒರಟುತನಗಳನ್ನು ಅಲ್ಲಿಯೇ ಅಳೆಯಬೇಕಾಗುತ್ತದೆ.