ಮಾತ್ರೆಯೊಳಗಿನ ಕಾಲ

ಮೆಡಿಕಲ್ ಶಾಪಿನಲ್ಲಿ ‘ಹತ್ತು ಮಾತ್ರೆ ಕೊಡಿ’ ಎನ್ನುತ್ತೇವೆ. ಈ ಪದ ಹುಟ್ಟಿದಾಗ ಅದಕ್ಕೆ ಆಕಾರವೇ ಇರಲಿಲ್ಲ. ಸಂಸ್ಕೃತದ ‘ಮಾ’ ಧಾತುವಿಗೆ ಅಳೆ ಎಂದರ್ಥ. ಮಾತ್ರಾ ಎಂದರೆ ಅಳತೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಐದನೆಯ ಅಧ್ಯಾಯದ ಹೆಸರು ಮಾತ್ರಾಶಿತೀಯ. ಅಲ್ಲಿ ಮಾತ್ರೆ ಎಂದರೆ ಉಣ್ಣುವವರ ಜೀರ್ಣಶಕ್ತಿಗೆ ತಕ್ಕ ಆಹಾರದ ಪ್ರಮಾಣ. ಉಂಡೆ ಕಟ್ಟಿದ ಔಷಧಿಗೆ ಗುಟಿಕಾ, ಗುಳಿಕಾ, ವಟಿ ಎಂಬ ಬೇರೆ ಹೆಸರುಗಳಿದ್ದವು. ನಮ್ಮ ಗುಳಿಗೆ ಬಂದದ್ದು ಅಲ್ಲಿಂದ. ಸಲಕ್ಕೆ ಇಷ್ಟು ಎಂಬ ಅಳತೆಯ ಹೆಸರು ಕ್ರಮೇಣ ಅಳೆದಿಟ್ಟ ಮದ್ದಿಗೇ ಅಂಟಿಕೊಂಡಿತು. ತೆಲುಗು, ತಮಿಳಿನಲ್ಲೂ ಹೀಗೇ ಆಗಿದೆ. ಹಿಂದಿಯಲ್ಲಿ ಮಾತ್ರಾ ಇನ್ನೂ ಪ್ರಮಾಣವೇ, ನುಂಗುವುದು ಗೋಲಿ.

ಇತ್ತ ಛಂದಸ್ಸಿನಲ್ಲಿ ಇದೇ ಪದ ಕಾಲವನ್ನು ಅಳೆಯಿತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯ ಓಟವೆಲ್ಲ ಮೂರು-ನಾಲ್ಕು ಮಾತ್ರೆಗಳ ಗಣಗಳ ಮೇಲೆ. ಅಂಗಡಿಯ ಮಾತ್ರೆಗೆ ಈ ಅರ್ಥ ದಕ್ಕಲಿಲ್ಲ. ಸಾಮಾನ್ಯವಾಗಿ ಅದು ನುಂಗಿದ ಮೇಲೆ ಕರಗಿ, ರಕ್ತದಲ್ಲಿ ಏರಿ, ಇಳಿದುಹೋಗುತ್ತದೆ. ಹೊತ್ತನ್ನು ಚೀಟಿಯಲ್ಲಿ ಬರೆದುಕೊಡಬೇಕು: ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ.

ಪಾಲಿಮರ್ ಮೈಕ್ರೋಸ್ಫಿಯರ್‌ಗಳೆಂಬ, ಮದ್ದು ತುಂಬಿದ ಸೂಕ್ಷ್ಮ ಗುಂಡುಗಳಲ್ಲಿ ಆ ಹೊತ್ತು ಮದ್ದಿನೊಳಗೇ ಇರುತ್ತದೆ. ಮದ್ದು ಬೆರೆತ ನೀರನ್ನು ಪಿಎಲ್‌ಜಿಎ ಎಂಬ ಪಾಲಿಮರ್ ಕರಗಿಸಿದ ದ್ರಾವಕದಲ್ಲಿ ರಭಸದಿಂದ ಕಲಕುತ್ತಾರೆ; ಅದನ್ನು ಮತ್ತೆ ನೀರಿಗೆ ಹಾಕಿ ಕಲಕುತ್ತಾರೆ. ದ್ರಾವಕ ಆವಿಯಾದಂತೆ ಒಂದೊಂದು ಹನಿಯೂ ಗಟ್ಟಿಯಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಾಗುತ್ತದೆ. ದೇಹಕ್ಕೆ ಸೇರಿದ ಮೇಲೆ ಅಲ್ಲಿನ ನೀರೇ ಪಾಲಿಮರ್‌ನ ಸರಪಳಿಯನ್ನು ಕಡಿದು ಲ್ಯಾಕ್ಟಿಕ್ ಆಮ್ಲ, ಗ್ಲೈಕೋಲಿಕ್ ಆಮ್ಲವಾಗಿಸುತ್ತದೆ. ಮದ್ದು ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ. ಎರಡೂ ಆಮ್ಲಗಳ ಪಾಲು ಸಮವಿದ್ದರೆ ಗುಂಡು ಬೇಗ ಕರಗುತ್ತದೆ, ಲ್ಯಾಕ್ಟಿಕ್‌ನ ಪಾಲು ಹೆಚ್ಚಿಸಿದರೆ ನಿಧಾನಿಸುತ್ತದೆ. ಲಘು-ಗುರುಗಳನ್ನು ಎಣಿಸಿ ಕೂಡಿಸುವವರ ಎಚ್ಚರವೇ ಇಲ್ಲೂ ಬೇಕು. ಮೇಲ್ಮೈಗೆ ಅಂಟಿದ ಮದ್ದು ಮೊದಲ ದಿನವೇ ಸುರಿದುಹೋದರೆ ಮುಂದಿನ ವಾರಗಳ ಲೆಕ್ಕವೆಲ್ಲ ತಪ್ಪುತ್ತದೆ. ಈ ಕ್ಷೇತ್ರದಲ್ಲಿ ದುಡಿಯುವವರನ್ನು ಹೆಚ್ಚು ಕಾಡುವ ತೊಡಕುಗಳಲ್ಲಿ ಅದೊಂದು.

ಸೂಜಿಯ ಮೂಲಕ ಒಳಹೋಗುವುದರಿಂದ ಇದನ್ನು ಯಾರೂ ಮಾತ್ರೆ ಎನ್ನುವುದಿಲ್ಲ. ಆದರೂ ಇಷ್ಟು ಮದ್ದು, ಇಷ್ಟು ಹೊತ್ತು ಎಂಬ ಎರಡು ಅಳತೆಗಳೂ ಕೂಡಿರುವ ಇದಕ್ಕೆ ಆ ಹೆಸರು ಸಲ್ಲಬೇಕೆಂದೇ ನನ್ನ ಎಣಿಕೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯೂಪ್ರೊಲೈಡ್ ಮದ್ದನ್ನು ಮೊದಲು ದಿನಾ 1 ಮಿಲಿಗ್ರಾಂನಂತೆ ಚುಚ್ಚಬೇಕಿತ್ತು. 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೈಕ್ರೋಸ್ಫಿಯರ್ ರೂಪದಲ್ಲಿ ತಿಂಗಳಿಗೆ ಒಂದೇ ಇಂಜೆಕ್ಷನ್, ಇಡೀ ತಿಂಗಳಿಗೆ 7.5 ಮಿಲಿಗ್ರಾಂ.