ಕತ್ತರಿ ಮರೆತದ್ದು, ಸಂಗೀತ ನೆನಪಿಟ್ಟದ್ದು

ಒಂದೇ ಸಿನಿಮಾವನ್ನು ಮೂರು ಸಲ ಕೊಂಡುಕೊಂಡವರನ್ನು ಕಂಡರೆ ನಮ್ಮ ಜನ ನಗ್ತಾರೆ. ದುಡ್ಡು ಹೆಚ್ಚಾಗಿದೆ ಅಂತಾರೆ. ಆದರೆ ಫ್ರಿಟ್ಜ್ ಲಾಂಗ್‌ನ ‘ಮೆಟ್ರೊಪೊಲಿಸ್’ ವಿಷಯಕ್ಕೆ ಬಂದರೆ, ಮೂರು ಸಲ ಕೊಂಡವನೂ ಮೂರು ಬೇರೆ ಬೇರೆ ಸಿನಿಮಾ ನೋಡಿರುತ್ತಾನೆ. ಚಿತ್ರದ ಉದ್ದ ಬೇರೆ, ಸಂಗೀತ ಬೇರೆ, ಆದ್ದರಿಂದ ರಾಜಕೀಯವೂ ಬೇರೆ. ಯಾವ ಸಂಗೀತ ಇಂಪು ಎನ್ನುವ ರಸಿಕರ ಜಗಳ ನನಗೆ ಬೇಡ. ಯಾವ ಸಂಗೀತ ಏನನ್ನು ಮುಚ್ಚಿತು, ಏನನ್ನು ಕಾಪಾಡಿತು ಅನ್ನೋದಷ್ಟೆ ಇಲ್ಲಿಯ ಪ್ರಶ್ನೆ.

ಕಥೆ ಸಣ್ಣದು. ಮೇಲೆ ಧಣಿಗಳ ನಗರ: ಗಗನಚುಂಬಿ ಮನೆಗಳು, ತೋಟಗಳು, ಆಟದ ಬಯಲು. ನೆಲದ ಕೆಳಗೆ ಯಂತ್ರಗಳು, ಅದಕ್ಕೂ ಕೆಳಗೆ ಕೂಲಿಗಳ ಕೇರಿ. ಪಾಳಿ ಬದಲಾಗುವಾಗ ತಲೆ ತಗ್ಗಿಸಿದ ಸಾಲುಗಳು ಎದುರುಬದುರಾಗಿ ನಡೆಯುತ್ತವೆ. ಒಳಗೆ ಹೋಗುವವರಿಗಿಂತ ಹೊರಗೆ ಬರುವವರ ಹೆಜ್ಜೆ ನಿಧಾನ. ನಗರದ ಒಡೆಯ ಫ್ರೆಡರ್ಸನ್. ಅವನ ಮಗ ಫ್ರೆಡರ್ ಕೆಳಗಿಳಿದು ಬಂದು ಈ ನರಕ ಕಾಣುತ್ತಾನೆ. ಇದು ಮೂಕಿ ಚಿತ್ರ. ಎಲ್ಲರೂ ಮೂಕರೇ, ನಿಜ. ಆದರೆ ಧಣಿಗೆ, ಅವನ ಮಗನಿಗೆ ಪರದೆಯ ಮೇಲೆ ಅಕ್ಷರದಲ್ಲಿ ಬೇಕಾದಷ್ಟು ಮಾತಿದೆ. ಸಾಲಿನಲ್ಲಿ ನಡೆಯುವ ಕೂಲಿಗೆ ಅಷ್ಟೂ ಇಲ್ಲ. ಅವನಿಗಿರುವ ದನಿ ಹಿನ್ನೆಲೆ ಸಂಗೀತವೊಂದೇ. ಆ ಸಂಗೀತ ಯಾರದು ಅಂತ ಕೇಳಲೇಬೇಕಾಗಿರೋದು ಇದಕ್ಕೆ.

೧೯೨೭ರ ಜನವರಿ ೧೦ರಂದು ಬರ್ಲಿನ್ನಿನಲ್ಲಿ ಮೊದಲ ಪ್ರದರ್ಶನ. ಐವತ್ತು ಲಕ್ಷ ಮಾರ್ಕಿಗೂ ಮಿಕ್ಕಿ ಖರ್ಚು ಮಾಡಿದ್ದ ಉಫಾ ಕಂಪನಿ ನೆಲಕಚ್ಚುವ ಸ್ಥಿತಿಯಲ್ಲಿತ್ತು. ಚಿತ್ರದ ಉದ್ದ ೪,೧೮೯ ಮೀಟರ್, ಹತ್ತಿರ ಹತ್ತಿರ ಎರಡೂವರೆ ಗಂಟೆ. ಅದಕ್ಕೆಂದೇ ಗಾಟ್‌ಫ್ರೀಡ್ ಹುಪ್ಪರ್ಟ್ಸ್ ವಾದ್ಯವೃಂದದ ಸಂಗೀತ ಬರೆದಿದ್ದ. ಆಮೇಲೆ ಕತ್ತರಿ ಆಡಿತು. ಅಮೆರಿಕದಲ್ಲಿ ಪ್ಯಾರಮೌಂಟ್‌ನವರು ನಾಟಕಕಾರ ಚ್ಯಾನಿಂಗ್ ಪೊಲಾಕ್ ಕೈಗೆ ಚಿತ್ರ ಕೊಟ್ಟರು. ಧಣಿಯ ಸತ್ತ ಹೆಂಡತಿಯ ಹೆಸರು ಹೆಲ್. ಇಂಗ್ಲಿಷಿನಲ್ಲಿ ಅದು ನರಕ ಎಂಬಂತೆ ಕೇಳುತ್ತದೆ ಅಂತ ಅವಳ ಕಥೆಯನ್ನೇ ಕಿತ್ತು ಹಾಕಿದ. ಹೆಲ್‌ಗಾಗಿ ಹಂಬಲಿಸಿದ್ದ ವಿಜ್ಞಾನಿ ರೊಟ್ವಾಂಗ್ ಯಂತ್ರದ ಹೆಣ್ಣನ್ನು ಯಾಕೆ ಮಾಡಿದ ಅನ್ನೋದೇ ಆಮೇಲೆ ಯಾರಿಗೂ ತಿಳಿಯದಾಯಿತು. ಅದೇ ವರ್ಷ ಉಫಾ ಕಂಪನಿ ಬಲಪಂಥದ ಪತ್ರಿಕಾ ಧಣಿ ಹ್ಯೂಗೆನ್‌ಬರ್ಗ್ ಕೈಸೇರಿತು. ಆಗಸ್ಟಿನಲ್ಲಿ ಜರ್ಮನಿಯಲ್ಲೂ ಮೊಟಕುಗೊಂಡ ಚಿತ್ರವೇ ತೆರೆಗೆ ಬಂತು. ಹೆಚ್ಚುಕಡಿಮೆ ಕಾಲುಭಾಗ ಹೋಯಿತು.

ಹೋದದ್ದು ಯಾರದು? ೧೧೮೧೧ ನಂಬರಿನ ಕೂಲಿಯ ಕಥೆ ಅದರಲ್ಲೊಂದು. ಜಾರ್ಜಿ ಅಂತ ಅವನ ಹೆಸರು. ಟೋಪಿಯ ಮೇಲಿರೋದು ಮಾತ್ರ ನಂಬರು. ಗಡಿಯಾರದಂಥ ಯಂತ್ರದ ಮುಳ್ಳುಗಳನ್ನು ಎಳೆದೆಳೆದು ಕುಸಿದು ಬಿದ್ದವನು. ಧಣಿಯ ಮಗ ಅವನ ಬಟ್ಟೆ ಹಾಕಿಕೊಂಡು ಅವನ ಜಾಗದಲ್ಲಿ ನಿಲ್ಲುತ್ತಾನೆ. ಧಣಿಯ ಬಟ್ಟೆ ತೊಟ್ಟ ಜಾರ್ಜಿ ಕಾರು ಹತ್ತಿ, ಜೇಬಿನಲ್ಲಿ ನೋಟು ಕಂಡು, ಮೇಲಿನ ನಗರದ ಮೋಜಿಗೆ ಮರುಳಾಗುತ್ತಾನೆ. ಕೊನೆಗೆ ಅದೇ ಮಗನಿಗೆ ಬೀಳಬೇಕಾದ ಚೂರಿಗೆ ಎದೆ ಕೊಟ್ಟು ಸಾಯುತ್ತಾನೆ. ಒಡೆಯನ ಮಗನಿಗಾಗಿ ಸತ್ತ ಕೂಲಿ ಅವನು. ಕತ್ತರಿ ಅವನ ಸಾವನ್ನೂ ಉಳಿಸಲಿಲ್ಲ.

ಇನ್ನು ಮನೆಗೆ ಬಂದ ವಿಡಿಯೊಗಳ ವಿಚಾರ. ೧೯೫೩ರಲ್ಲಿ ಅಮೆರಿಕದಲ್ಲಿ ಚಿತ್ರದ ಹಕ್ಕು ತೀರಿತು; ೧೯೯೬ರಲ್ಲಿ ಮತ್ತೆ ಜೀವ ಬಂತು. ನಡುವೆ ಅದು ಯಾರಪ್ಪನ ಆಸ್ತಿಯೂ ಅಲ್ಲ. ಸಿಕ್ಕಿದ ಸವೆದ ಪ್ರಿಂಟಿಗೆ ಸಿಕ್ಕಿದ ಸಂಗೀತ ಅಂಟಿಸಿ ಅಗ್ಗದ ಕ್ಯಾಸೆಟ್ ಮಾಡಿ ಮಾರಿದರು. ದೃಶ್ಯಕ್ಕೂ ಸದ್ದಿಗೂ ಸಂಬಂಧವಿಲ್ಲ. ಹಾಗಾದರೂ ಬಡವನ ಕೈಗೆ ಸಿನಿಮಾ ಸಿಕ್ಕಿತಲ್ಲ, ಅದನ್ನು ಹಗುರ ಮಾಡಬಾರದು.

೧೯೮೪ರಲ್ಲಿ ಜಾರ್ಜಿಯೊ ಮೊರೊಡರ್ ಬಂದ. ಡಿಸ್ಕೊ ಸಂಗೀತದ ದೊಡ್ಡ ಹೆಸರು. ಕಪ್ಪುಬಿಳುಪಿಗೆ ಬಣ್ಣದ ಛಾಯೆ ಕೊಟ್ಟ. ಮಧ್ಯೆ ಮಧ್ಯೆ ಬರುವ ಬರಹದ ಫಲಕಗಳನ್ನು ತೆಗೆದು ಮಾತನ್ನು ಚಿತ್ರದ ಕೆಳಗೇ ಹಾಕಿದ. ಫ್ರೆಡ್ಡಿ ಮರ್ಕ್ಯುರಿ, ಬಾನಿ ಟೈಲರ್, ಪ್ಯಾಟ್ ಬೆನಟಾರ್, ಆಡಮ್ ಆಂಟ್ ಇವರಿಂದ ಹಾಡಿಸಿದ. ಚಿತ್ರ ಸುಮಾರು ಎಂಬತ್ತು ನಿಮಿಷಕ್ಕೆ ಇಳಿಯಿತು. ವಿಮರ್ಶಕರು ಗೇಲಿ ಮಾಡಿದರು. ಕೆಟ್ಟ ಚಿತ್ರಗಳಿಗೆ ಕೊಡುವ ರ‍್ಯಾಝಿ ಬಹುಮಾನಕ್ಕೆ ಇದರ ಸಂಗೀತದ ಹೆಸರೂ ಹೋಯಿತು. ಕ್ಯಾಸೆಟ್ಟಿನಲ್ಲಿ ಬಂದಿದ್ದ ಇದು ೨೦೧೧ರಲ್ಲಿ ಡಿವಿಡಿ, ಬ್ಲೂ-ರೇಗಳಲ್ಲಿ ಮತ್ತೆ ಬಂತು.

ಪಂಡಿತರ ಗೇಲಿಗೆ ನಾನು ದನಿಗೂಡಿಸಲಾರೆ. ಮ್ಯೂಸಿಯಮ್ಮಿನ ಹೆಣವಾಗಿದ್ದ ಚಿತ್ರವನ್ನು ಹುಡುಗರು ನೋಡುವ ಹಾಗೆ ಮಾಡಿದವನು ಮೊರೊಡರ್. ಅವನ ಯಂತ್ರವಾದ್ಯದ ಬಡಿತ ಯಂತ್ರಗಳ ಬಡಿತಕ್ಕೆ ಹೊಂದಿಕೊಳ್ಳುತ್ತದೆ ಕೂಡ. ನನ್ನ ತಕರಾರು ಬೇರೆ. ಹಾಡು ಎಡೆಬಿಡದೆ ಹರಿಯುವುದರಿಂದ ಕತ್ತರಿಸಿದ ಜಾಗ ಗೊತ್ತೇ ಆಗೋಲ್ಲ. ಗಾಯದ ಮೇಲೆ ಜರಿಶಾಲು ಹೊದಿಸಿದ ಹಾಗೆ. ಜಾರ್ಜಿ ಇಲ್ಲ ಅನ್ನೋದು ನೋಡುವವನ ಅರಿವಿಗೇ ಬರೋಲ್ಲ. ಕೂಲಿಗೆ ಬಾಯಿಲ್ಲದಲ್ಲಿ ಪ್ರಸಿದ್ಧರ ಬಾಯಿ ಹಾಡುತ್ತದೆ.

ಮೂರನೆಯದು ಹುಪ್ಪರ್ಟ್ಸ್‌ನ ಮೂಲ ಸಂಗೀತ. ಚಿತ್ರವನ್ನು ಕತ್ತರಿಸಿದವರು ಸ್ವರಲಿಪಿಯನ್ನು ಕತ್ತರಿಸಲಿಲ್ಲ. ಅವನ ಪಿಯಾನೊ ಪ್ರತಿಯಲ್ಲಿ ಸಾವಿರಕ್ಕೂ ಹೆಚ್ಚು ಗುರುತುಗಳಿವೆ: ಇಲ್ಲಿ ಇವನು ಬರುತ್ತಾನೆ, ಇಲ್ಲಿ ಬಾಗಿಲು ತೆರೆಯುತ್ತದೆ ಅಂತ. ಚಿತ್ರವನ್ನು ಮತ್ತೆ ಜೋಡಿಸಿದವರಿಗೆ ದಾರಿ ತೋರಿಸಿದ್ದು ಅದು. ಸಾಕ್ಷಿಗಳೆಲ್ಲ ಸತ್ತಮೇಲೆ ಉಳಿದ ಒಬ್ಬ ಸಾಕ್ಷಿ ಇದ್ದ ಹಾಗೆ. ೨೦೦೧ರಲ್ಲಿ ಮುರ್ನೌ ಪ್ರತಿಷ್ಠಾನದ ಪ್ರತಿ ಬರ್ಲಿನ್ ಉತ್ಸವಕ್ಕೆ ಬಂತು. ೨೦೦೩ರಲ್ಲಿ ಡಿವಿಡಿಯಾಗಿ ಮನೆಗೂ ಬಂತು. ಸಿಗದ ದೃಶ್ಯಗಳ ಜಾಗದಲ್ಲಿ ಏನಿತ್ತು ಅನ್ನೋದನ್ನು ಬರಹದಲ್ಲಿ ಹೇಳಿದರು. ಕಳೆದುಹೋದದ್ದು ಕಳೆದಿದೆ ಅಂತ ಒಪ್ಪಿಕೊಂಡ ಮೊದಲ ಪ್ರಾಮಾಣಿಕ ವಿಡಿಯೊ ನನ್ನ ಪಾಲಿಗೆ ಇದು.

ಆಮೇಲೆ ೨೦೦೮ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಸಿನಿಮಾ ಮ್ಯೂಸಿಯಮ್ಮಿನಲ್ಲಿ ಹದಿನಾರು ಮಿಲಿಮೀಟರಿನ ಪ್ರತಿಯೊಂದು ಸಿಕ್ಕಿತು. ಮೊದಲೇ ಗೀರುಬಿದ್ದ ಪ್ರಿಂಟಿನಿಂದ ಇಳಿಸಿಕೊಂಡದ್ದು. ಸುಮಾರು ಇಪ್ಪತ್ತೈದು ನಿಮಿಷದ ಹೊಸ ದೃಶ್ಯ. ೨೦೧೦ರ ಫೆಬ್ರುವರಿ ೧೨ರಂದು ಬರ್ಲಿನ್ನಿನಲ್ಲಿ ಫ್ರಾಂಕ್ ಸ್ಟ್ರೋಬೆಲ್ ವಾದ್ಯವೃಂದ ನಡೆಸಿ ಅದನ್ನು ತೋರಿಸಿದರು. ಅದೇ ವರ್ಷ ಡಿವಿಡಿ, ಬ್ಲೂ-ರೇ ಬಂದವು. ಸಿಕ್ಕಿದ ತುಂಡುಗಳಲ್ಲಿ ಗೀರುಗಳು ಮಳೆ ಸುರಿದ ಹಾಗೆ ಕಾಣುತ್ತವೆ. ಆ ಮಳೆಯಲ್ಲೇ ಜಾರ್ಜಿ ಎಂಬತ್ತು ವರ್ಷಗಳ ಮೇಲೆ ಕಾರಿನಲ್ಲಿ ಕೂತು ಬರುತ್ತಾನೆ. ಸಂಗೀತ ಅವನಿಗಾಗಿ ಅಷ್ಟು ವರ್ಷ ಜಾಗ ಹಿಡಿದಿತ್ತು. ಮೂಲಕ್ಕೆ ಬೆಲೆ ಇರೋದು ಇಲ್ಲಿ.

ಹಾಗಂತ ಮೂಲವನ್ನು ಪೂಜೆ ಮಾಡೋದು ಬೇಡ. ಕೂಲಿಗಳು ಯಂತ್ರ ಒಡೆಯಲು ನುಗ್ಗುವಾಗ ಹುಪ್ಪರ್ಟ್ಸ್ ಫ್ರೆಂಚ್ ಕ್ರಾಂತಿಯ ‘ಲಾ ಮಾರ್ಸೆಯೇಸ್’ ಧಾಟಿಯನ್ನು ತಿರುಚಿ ತರುತ್ತಾನೆ. ರೋಮಾಂಚನವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಕೂಲಿಗಳನ್ನು ಎಬ್ಬಿಸಿದ್ದು ಯಾರು? ಧಣಿಯೇ ಮಾಡಿಸಿದ ಯಂತ್ರದ ಮರಿಯಾ. ಅಂದರೆ ಬಂಡಾಯ ಕೂಲಿಯ ತಲೆಯಲ್ಲಿ ಹುಟ್ಟೋದಿಲ್ಲ, ಮೇಲಿನವರು ಹೂಡಿದ ಆಟಕ್ಕೆ ಅವನು ಕುಣಿಯುತ್ತಾನೆ. ಆ ಕುಣಿತದಲ್ಲಿ ತನ್ನ ಮಕ್ಕಳನ್ನೇ ಪ್ರವಾಹಕ್ಕೆ ಬಿಡುತ್ತಾನೆ. ಚಿತ್ರ ಹೇಳೋದು ಇದನ್ನೇ. ಕ್ರಾಂತಿಯ ಧಾಟಿ ಬಂದದ್ದು ಕ್ರಾಂತಿಯನ್ನು ಹಳಿಯೋದಕ್ಕೆ.

ಕೊನೆಯ ದೃಶ್ಯ ಇನ್ನೂ ಸೋಜಿಗ. ಚರ್ಚಿನ ಮೆಟ್ಟಿಲ ಮೇಲೆ ಧಣಿಗೂ ಮೇಸ್ತ್ರಿ ಗ್ರೋಟ್‌ಗೂ ಮಗ ಕೈ ಕೂಡಿಸುತ್ತಾನೆ. ತಲೆಗೂ ಕೈಗೂ ನಡುವೆ ಹೃದಯ ಬೇಕಂತೆ. ಈ ಗ್ರೋಟ್ ಯಾರು? ಸತ್ತ ಕೂಲಿಗಳ ಜೇಬಿನಲ್ಲಿ ಸಿಕ್ಕ ಗುಟ್ಟಿನ ನಕ್ಷೆಗಳನ್ನು ಧಣಿಗೆ ತಂದು ಒಪ್ಪಿಸಿದವನು. ಕೂಲಿಗಳ ಪ್ರತಿನಿಧಿಯಾಗಿ ಕೈ ಕುಲುಕುವವನೂ ಅವನೇ. ಒಬ್ಬರು ತಲೆ, ಒಬ್ಬರು ಕೈ, ಒಬ್ಬರು ಕಾಲು ಅಂತ ಮನುಷ್ಯರನ್ನು ಹಂಚುವ ಕಥೆ ನಮಗೆ ಹೊಸದೂ ಅಲ್ಲ. ಚಿತ್ರದ ಈ ನೀತಿಯನ್ನು ತಾನು ನಂಬಲಿಲ್ಲ ಅಂತ ಮುಂದೆ ಲಾಂಗ್ ತಾನೇ ಹೇಳಿದ.

ಡಿಸ್ಕ್ ಕೈಗೆ ಸಿಕ್ಕವರು ಒಂದು ಕೆಲಸ ಮಾಡಿ. ಮೊರೊಡರ್‌ನದನ್ನು ನೋಡಿ, ೨೦೧೦ರ ಪ್ರತಿಯನ್ನೂ ನೋಡಿ. ಆಮೇಲೆ ಕೊನೆಯ ದೃಶ್ಯವೊಂದನ್ನು ಸದ್ದು ಪೂರ್ತಿ ನಿಲ್ಲಿಸಿ ನೋಡಿ. ಸಂಗೀತದ ಮಂಗಳಾರತಿ ಇಲ್ಲದಾಗ ಕಣ್ಣಿಗೆ ಬೀಳೋದು ಇಷ್ಟೆ: ಮುಂದೆ ಕೈ ಕುಲುಕುವ ಇಬ್ಬರು, ಅವರ ಹಿಂದೆ ಕೂಲಿಗಳು. ಅವರು ಚಿತ್ರದ ಮೊದಲಲ್ಲಿ ಹೇಗೆ ಸಾಲುಗಟ್ಟಿ ನಡೆದಿದ್ದರೋ ಹಾಗೆಯೇ ಸಾಲುಗಟ್ಟಿ ಬಂದು ನಿಂತಿದ್ದಾರೆ. ನಾಳೆಯ ಪಾಳಿ ಎಷ್ಟು ಗಂಟೆಯದು ಅಂತ ಅವರಿಗೆ ಯಾರೂ ಹೇಳಿಲ್ಲ.