ಎಣ್ಣೆಯೊಳಗಿನ ಚೂರುಗಳ ಚಿತ್ರ

ನಮ್ಮೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು ಎಂಜಿನ್ ಆಯಿಲನ್ನು ಬೆರಳುಗಳ ನಡುವೆ ತಿಕ್ಕಿ ನೋಡುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ತರಿತರಿಯಾಗಿದ್ದರೆ ಮಣ್ಣೋ ಲೋಹವೋ ಇದೆ ಎಂದು ಲೆಕ್ಕ. ಆದರೆ ಕೈಗೆ ತರಿ ಸಿಗುವ ಹೊತ್ತಿಗೆ ಎಂಜಿನ್ ಸವೆದಿರುತ್ತದೆ. ಅದಕ್ಕೂ ಮೊದಲೇ ತಿಳಿಯುವುದು ಹೇಗೆ?

1946ರಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ರೈಲ್ವೆಯ ಪ್ರಯೋಗಾಲಯ, ಬಳಸಿದ ಎಣ್ಣೆಯಲ್ಲಿನ ಲೋಹಗಳನ್ನು ಅಳೆದು ಡೀಸೆಲ್ ಎಂಜಿನ್‌ಗಳ ದೋಷ ಪತ್ತೆಹಚ್ಚಿತು. ಎಣ್ಣೆಯನ್ನು ಉರಿಸಿ ಅದರ ಬೆಳಕನ್ನು ಅಳೆಯುವ ವಿಧಾನ ಹೀಗೆ ಬಳಕೆಗೆ ಬಂತು. ಕಬ್ಬಿಣವೋ ತಾಮ್ರವೋ ಎಂಬುದು ಅದರಿಂದ ತಿಳಿಯುತ್ತಿತ್ತು. ದೊಡ್ಡ ಚೂರುಗಳು ಮಾತ್ರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅಪಾಯದ ಸುಳಿವು ಇರುತ್ತಿದ್ದುದೇ ಅವುಗಳಲ್ಲಿ.

1970ರ ದಶಕದಲ್ಲಿ ವರ್ನನ್ ವೆಸ್ಟ್‌ಕಾಟ್ 'ಫೆರೋಗ್ರಫಿ' ತಂದರು. ಅಯಸ್ಕಾಂತದ ಮೇಲಿನ ಗಾಜಿನ ಪಟ್ಟಿಯಲ್ಲಿ ಎಣ್ಣೆ ಹರಿಸಿ, ಅಂಟಿದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವಿದು. ಅದಕ್ಕೆ ನುರಿತ ಕಣ್ಣು ಬೇಕಿತ್ತು.

1990ರ ದಶಕದಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯವೂ ಲಾಕ್‌ಹೀಡ್ ಮಾರ್ಟಿನ್ ಕಂಪನಿಯೂ ಸೇರಿ ಈ ಕೆಲಸವನ್ನು ಕ್ಯಾಮೆರಾಗೆ ಒಪ್ಪಿಸಿದವು. ಲೇಸರ್ ಬೆಳಕಿನಲ್ಲಿ ಹರಿಯುವ ಎಣ್ಣೆಯ ಚಿತ್ರ ತೆಗೆದು, 20 ಮೈಕ್ರಾನ್‌ಗಿಂತ ದೊಡ್ಡ ಚೂರುಗಳನ್ನು ಕಂಪ್ಯೂಟರ್ ಆಕಾರ ನೋಡಿ ವಿಂಗಡಿಸುತ್ತಿತ್ತು: ಕೊರೆತದ್ದು, ಉಜ್ಜಿದ್ದು, ಲೋಹ ದಣಿದು ಉದುರಿದ್ದು. ಅದಕ್ಕೆ ಪಾಠವಾಗಿದ್ದು ಮನುಷ್ಯರು ಗುರುತಿಸಿಟ್ಟ ಚೂರುಗಳೇ.

ನಮ್ಮೂರ ಗ್ಯಾರೇಜಿನಲ್ಲಿ ಇಂದಿಗೂ ಬೆರಳೇ ಗತಿ. ಎಂಜಿನ್ ಕೆಲಸಕ್ಕೆ ಸಾಲ ಮಾಡುವ ರೈತನಿಗೇ ಈ ಮುನ್ಸೂಚನೆ ಹೆಚ್ಚು ಬೇಕಾಗಿತ್ತು.